ತಿಪ್ಪಣ್ಣನನ್ನು ಕೊಂಡವಳು

ಹತ್ತಿರ ಬನ್ನಿ, ಬಾಗಿಲು ಮುಂದೆ ಮಾಡಿ. ನಾನು ಹೇಳಿದೆ ಅಂತ ಹೊರಗೆ ಬಾಯಿಬಿಟ್ಟರೆ ನಿಮ್ಮ ನನ್ನ ಮಾತು ಇಲ್ಲಿಗೇ ಸರಿ. ದೊಡ್ಡವರ ಮನೆ ಸುದ್ದಿ ಇದು.

ಕಲ್ಲೂ ಮಾತಾಡುತ್ತಿದ್ದ ಕಾಲ. ಹೊಂಬಾಳೆ ರಾಜ್ಯದ ರಾಣಿ ಚಂದಲಾದೇವಿಗೆ ಮೂವರು ಗಂಡುಮಕ್ಕಳಾದರು. ಮಾಣಿಕ್ಯದೇವ, ವಜ್ರದೇವ, ಹವಳದೇವ ಅಂತ ಮೆರೆಸಿ ಹೆಸರಿಟ್ಟಳು. ಕರಿಯಂಗಿ ಅನ್ನೋ ಮಾಟಗಾರನಿಗೆ ಬೆಲೆಬಾಳುವುದೇ ಬೇಕು. ತೊಟ್ಟಿಲ ಬಳಿ ಬಂದು ಆ ಹೆಸರು ಹಿಡಿದು ಕೂಗಿದ. ಒಂದೊಂದು ಕೂಸೂ ಗಿಣಿಯಾಗಿ ಅವನ ಪಂಜರ ಸೇರಿತು.

ನಾಲ್ಕನೆಯದು ಹುಟ್ಟಿದಾಗ ಅರಮನೆ ಗೋಡೆಯಾಚೆಯ ನೆರೆಮನೆ ಸೂಲಗಿತ್ತಿ ದುರುಗವ್ವ ಸುಮ್ಮನಿರಲಿಲ್ಲ. ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಮೊರದಲ್ಲಿ ಮಲಗಿಸಿ, ಹಿಡಿ ತೌಡು ಕೊಟ್ಟು ತಾನೇ ಕೊಂಡಳು. ಯಾರಿಗೂ ಬೇಡದ ಕಸ ಇದು ಅಂತ ತಿಪ್ಪಣ್ಣ ಎಂದು ಕರೆದು, ಸಾಕಲು ತಾಯಿಯ ಮಡಿಲಿಗಿಟ್ಟಳು. ಮಾಟಗಾರ ಬಂದ, ಹೆಸರು ಕೇಳಿದ, ಮೂಗು ಮುಚ್ಚಿಕೊಂಡು ಹೋದ. ಹುಡುಗ ಗುಂಡುಕಲ್ಲಿನ ಹಾಗೆ ಬೆಳೆದ.

ಮದುವೆ ಗೊತ್ತಾಯಿತು ನೋಡಿ, ರಾಣಿಗೆ ನಾಚಿಕೆ ಹತ್ತಿತು. ಬೀಗರೆದುರು ತಿಪ್ಪೆ ಅನ್ನೋದು ಹೇಗಂತೆ. ಡಂಗುರ ಸಾರಿಸಿ ನವರತ್ನಭೂಪಾಲ ಅಂತ ಹೆಸರು ಬದಲಿಸಿದಳು. ಅಂದು ಸಂಜೆಯೇ ಹುಡುಗ ಗಿಣಿಯಾಗಿ ಹಾರಿಹೋದ.

ದುರುಗವ್ವನಿಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾಟಗಾರನ ಕೋಟೆಗೆ ನಡೆದಳು.

ಮೊದಲ ಬಾಗಿಲಲ್ಲಿ ಏಳು ಹೆಡೆಯ ಸರ್ಪ.

“ಯಾವ ರತ್ನ ಕದಿಯೋಕೆ ಬಂದೆ?”

“ನಿನ್ನ ರತ್ನ ನಿನ್ನ ತಲೆ ಮೇಲೇ ಇರಲಿ. ನಮ್ಮ ತಿಪ್ಪಣ್ಣನ್ನ ಕರಕೊಂಡು ಹೋಗೋಕೆ ಬಂದೆ.”

ತಿಪ್ಪೆಗೆಂಥ ಕಾವಲು ಅಂತ ಸರ್ಪ ಸರಿಯಿತು. ಎರಡನೆಯ ಬಾಗಿಲಲ್ಲಿ ಬೆಂಕಿಯುಗುಳುವ ಹುಲಿ. ಅದೂ ಅದನ್ನೇ ಕೇಳಿತು, ಅವಳೂ ಅದನ್ನೇ ಹೇಳಿದಳು, ಹುಲಿಯೂ ಸರಿಯಿತು. ಮೂರನೆಯ ಬಾಗಿಲಲ್ಲಿ ಮಾಟಗಾರನೇ ನಿಂತಿದ್ದ.

“ನನ್ನ ಮನೆಯಲ್ಲಿ ಅಂಥ ಕೊಳಕು ಇಲ್ಲ, ಮುದುಕಿ. ಇದ್ದರೆ ಒಯ್ಯಿ, ನನ್ನ ಮಂತ್ರದಾಣೆ” ಅಂತ ನಕ್ಕ.

“ತಿಪ್ಪಣ್ಣಾ, ಅಂಬಲಿ ಆರಿಹೋಗ್ತಿದೆ, ಬಾರೋ.”

ಒಂದು ಗಿಣಿ ಪುಕ್ಕ ಉದುರಿಸಿ ಹುಡುಗನಾಗಿ ನಿಂತಿತು. ಮಾಟಗಾರ ಅವನ ಕೈ ಹಿಡಿದೆಳೆದ. ಆಣೆ ತಪ್ಪಿ ನಿಂತಲ್ಲೇ ಬೂದಿಯಾದ. ಪಂಜರದ ಗಿಣಿಗಳೆಲ್ಲ ಮನುಷ್ಯರಾದವು, ಮೂವರು ಅಣ್ಣಂದಿರೂ ಸಿಕ್ಕರು.

ಮದುವೆಯಾಯಿತು. ರಾಜ್ಯವೆಲ್ಲ ಹೋಳಿಗೆ ಉಂಡು ನಗುನಗುತ್ತ ಬಾಳಿತು. ಆದರೆ ಚಪ್ಪರದ ದಿನವೇ ರಾಣಿ ದುರುಗವ್ವನನ್ನು ಮೂಲೆಗೆ ಕರೆದು, ಚಿನ್ನದ ಬಳೆ ಕೈಗೆ ತುರುಕಿ, ಆ ಹೆಸರು ಬೀಗರ ಕಿವಿಗೆ ಬೀಳದಿರಲಿ ಅಂದಳಂತೆ. ಎಂಥ ಹೆಂಗಸು! ದುರುಗವ್ವ ಬಳೆಯನ್ನು ಅವಳ ಮಡಿಲಿಗೇ ಎಸೆದು ಮುಖಕ್ಕೇ ಅಂದಳು:

“ತೌಡು ಕೊಟ್ಟು ಕೊಂಡವಳು ನಾನು, ತಾಯಿ. ನಿಮಗೆ ಸಾಕೋಕೆ ಕೊಟ್ಟಿದ್ದು ತಿಪ್ಪಣ್ಣನ್ನ. ಹಾಗೆ ಕರೆಯೋಕೆ ನಾಚಿಕೆಯಾದರೆ ನನ್ನ ಮಗನ್ನ ನನಗೇ ಕೊಡಿ, ಗೋಡೆಯಾಚೆ ಕರಕೊಂಡು ಹೋಗ್ತೀನಿ.”