ಮೀಟರ್ ರೂಮಿನ ಹಸಿರು ದೀಪಗಳು

ಜುಲೈ ಹನ್ನೆರಡು, ಬೆಳಿಗ್ಗೆ ಒಂಬತ್ತು. ಧೂಳುಗಾಳಿಗೆ ದೋಹಾ ಇನ್ನೂ ಅರೆನಿದ್ದೆಯಲ್ಲಿದ್ದಂತಿತ್ತು. ನರ್ಸ್ ಮೆಲಿಸ್ಸಾ ಪೊಲೀಸ್ ಠಾಣೆಗೆ ದೂರು ತಂದಳು. ಮಂಗಳೂರಿನ ಅವಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು, ಆದರೆ ಹೆದರಿದಾಗ ಬಾಯಿಗೆ ಬರುತ್ತಿದ್ದದ್ದು ಕನ್ನಡ. ಲೆಫ್ಟಿನೆಂಟ್ ಇಬ್ರಾಹಿಂ ದುಭಾಷಿ ಜ್ಯೋತ್ಸ್ನಾಳನ್ನು ಕರೆಸಿದ.

"ಎಂತ ಆಗ್ತದೆ?" ಉಡುಪಿಯ ಜ್ಯೋತ್ಸ್ನಾ ಕೇಳಿದಳು.

"ಯಾರೋ ಬಾಗಿಲು ಬಡಿತಾರೆ. ಯಾರು ಅಂತ ಕೇಳಿದ ಕೂಡ್ಲೇ ಹೋಗ್ತಾರೆ."

"ದಿನಾಲೂ ಉಂಟಾ?"

"ಇಲ್ಲ. ನೈಟ್ ಡ್ಯೂಟಿ ಮುಗಿಸಿ, ಆಸ್ಪತ್ರೆಯಲ್ಲೇ ಸ್ನಾನ ಮಾಡಿ ಬಂದು ಮಲಗಿದ ದಿನ ಮಾತ್ರ. ಒಳಗೆ ನಾನೇನು ಮಾಡ್ತೇನೆ ಅಂತ ಅವರಿಗೆ ಗೊತ್ತಾಗ್ತದೆ, ಮೇಡಂ."

ನಮ್ಮ ಕಡೆ ಎಫ್‌ಐಆರ್ ಎನ್ನುವಂಥ ಕಾಗದ ಸಿದ್ಧವಾಯಿತು. ಮಧ್ಯಾಹ್ನ ಅಲ್ ಮನ್ಸೂರಾ ಬಡಾವಣೆಯಲ್ಲಿ ಅವಳಿದ್ದ ಕಟ್ಟಡದಲ್ಲಿ ತಪಾಸಣೆ ನಡೆಯಿತು. ಕ್ಯಾಮೆರಾ ಸಿಗಲಿಲ್ಲ. ಕಿಟಕಿಯಿಲ್ಲದ ಬಾತ್‌ರೂಮಿನ ಚಾವಣಿಯ ಹಲಗೆ ಸರಿಸಿದಾಗ ದೀಪದ ತಂತಿಗೆ ಇನ್ನೊಂದು ತೆಳು ತಂತಿ ಸೇರಿಸಿದ್ದು ಕಂಡಿತು. ಅದು ಗೋಡೆಯೊಳಗೆ ನುಗ್ಗಿ ಮಾಯವಾಗಿತ್ತು. ಮೆಲಿಸ್ಸಾ ಮುಖ ಮುಚ್ಚಿಕೊಂಡು ಕುಳಿತಳು. ಇನ್ನು ಈ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದಳು.

ಇಬ್ರಾಹಿಂ ಬಹಳ ಹೊತ್ತು ಆ ತಂತಿ ನೋಡಿದ. "ನಾಳೆ ಆ ದೀಪ ಹಚ್ಚಬೇಡಿ," ಎಂದ.

ಮರುದಿನ ಜ್ಯೋತ್ಸ್ನಾ ಮೆಲಿಸ್ಸಾಳ ಜೊತೆ ಒಳಗೆ ಕುಳಿತಳು. ಎ.ಸಿ.ಯ ಒಂದೇ ಸಮನಾದ ಗುಂಯ್ ಸದ್ದಿಗೆ ಇಬ್ಬರಿಗೂ ಜೊಂಪು ಹತ್ತಿತ್ತು. ಪರದೆಯಾಚೆ ಬಿಸಿಲು ಹಾಲಿನಂತೆ ಬೆಳ್ಳಗಿತ್ತು. ನಡುಹಗಲು ಹನ್ನೆರಡಕ್ಕೆ ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು.

"ಯಾರು?"

ಹೊರಗೆ ಯಾರೋ ಉಸಿರು ಬಿಟ್ಟರು. ಹೆಜ್ಜೆಗಳು ಕೆಳಗಿಳಿದವು. ಮೆಟ್ಟಿಲ ತಿರುವಿನಲ್ಲಿ ಕಾದಿದ್ದ ಇಬ್ರಾಹಿಂ ಆ ಹೆಜ್ಜೆಗಳ ಹಿಂದೆಯೇ ನೆಲಮಹಡಿಯ ಮೀಟರ್ ರೂಮಿಗೆ ಹೋದ.

ಅಲ್ಲಿದ್ದವನು ಕಟ್ಟಡದ ಎಲೆಕ್ಟ್ರಿಷಿಯನ್, ಬಾಗಲಕೋಟೆಯ ಯಮನಪ್ಪ. ಗೋಡೆಯ ಪ್ಲೈವುಡ್ ಹಲಗೆಯಲ್ಲಿ ಪುಟ್ಟ ಎಲ್‌ಇಡಿಗಳು, ಒಂಟಿಯಾಗಿರುವವರ ಮನೆಗೆ ಒಂದೊಂದು. ಕತ್ತಲ ಕೋಣೆಯಲ್ಲಿ ಕೆಲವು ಹಸಿರಾಗಿ ಉರಿಯುತ್ತಿದ್ದವು. ನೋಡನೋಡುತ್ತ ಒಂದು ಆರಿತು, ಮತ್ತೊಂದು ಹೊತ್ತಿತು. ಇಬ್ರಾಹಿಂ ಕೈಕೋಳ ತೆಗೆಯುವುದನ್ನೂ ಮರೆತು ನಿಂತ. ಜ್ಯೋತ್ಸ್ನಾ, ಅವಳ ಹಿಂದೆ ಮೆಲಿಸ್ಸಾ, ಬಾಗಿಲಿಗೆ ಬಂದರು.

"ಇದೆಲ್ಲ ಎಂತದು?" ಜ್ಯೋತ್ಸ್ನಾ ಕೇಳಿದಳು.

"ಯಾರ ಮನ್ಯಾಗ ಬಾತ್‌ರೂಮ್ ಲೈಟ್ ಹತ್ತೇತಿ ಅಂತ ತೋರಸ್ತೈತ್ರಿ."

"ಯಾಕೆ?"

ಯಮನಪ್ಪ ಟೆಸ್ಟರನ್ನು ಜೇಬಿಗೆ ಸೇರಿಸಿದ. "ನನ್ನ ತಮ್ಮ ವಿಜಯಕುಮಾರ ಇದ ಬಿಲ್ಡಿಂಗ್‌ನ್ಯಾಗ ಇದ್ದನ್ರಿ. ಹ್ವಾದ ವರ್ಷ ಈದ್ ರಜಾದಾಗ ಎದಿ ನೋವು ಬಂದು ಹೋಗಿಬಿಟ್ಟ. ಆಫೀಸ್ ಬಂದ್ ಇತ್ತು, ಯಾರೂ ಕೇಳಲಿಲ್ಲ. ನಾ ದಿನಾ ಅವನ ಬಾಗಿಲ ಮುಂದ ಹಾದು ಹೋಗ್ತಿದ್ದೆ. ಒಳಗ ಎ.ಸಿ. ಸಪ್ಪಳ ಕೇಳ್ತಿತ್ತು. ಅದಾನ, ಮಲ್ಕೊಂಡಾನ ಅನ್ಕೊಂಡೆ."

ಹಲಗೆಯತ್ತ ಕೈ ತೋರಿಸಿ ಹೇಳಿದ, "ಮನುಷ್ಯಾ ಸತ್ತರೂ ಎ.ಸಿ. ನಡೀತೈತ್ರಿ. ಬಾತ್‌ರೂಮ್ ಲೈಟ್ ಹಂಗಲ್ಲ, ಅದನ್ನ ಯಾರರ ಎದ್ದು ಹಚ್ಚಬೇಕು. ಹತ್ತಲಿಲ್ಲಂದ್ರ ಹೋಗಿ ಬಾಗಿಲು ಬಡೀತೇನ್ರಿ."

ಜ್ಯೋತ್ಸ್ನಾ ಅರಬಿಯಲ್ಲಿ ಹೇಳುತ್ತ ನಡುವೆ ಎರಡು ಬಾರಿ ನಿಂತಳು. ಇಬ್ರಾಹಿಂ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆದರೆ ಕೇಳದೆ ಇನ್ನೊಬ್ಬರ ಮನೆಗೆ ತಂತಿ ಎಳೆದದ್ದು ಅಪರಾಧವೇ. ಕೆಲಸ ಹೋಗುತ್ತದೆ, ಊರಿಗೆ ಕಳಿಸಲೂಬಹುದು ಎಂದು ತಿಳಿಸಿದ.

"ಗೊತ್ತೈತ್ರಿ. ಕೇಳಿದ್ರ ಬ್ಯಾಡ ಅಂತಿದ್ರು." ಯಮನಪ್ಪ ತಾನಾಗಿಯೇ ಕೈ ಚಾಚಿದ. ಕೈಕೋಳ ತೊಡಿಸಲಾಯಿತು.

ಮೆಲಿಸ್ಸಾಳ ಸಿಟ್ಟು ಇಳಿದಿರಲಿಲ್ಲ. ಆದರೂ ಹಲಗೆ ನೋಡುತ್ತ ಕೇಳಿದಳು, "ಇದರಲ್ಲಿ ನಿಮ್ಮ ರೂಮಿಂದು ಯಾವುದು?"

"ನಂದಿಲ್ರಿ, ಮೇಡಂ. ಅದನ್ನ ಯಾರು ನೋಡ್ತಾರ?"

ಹಲಗೆಯನ್ನು ಸಾಕ್ಷ್ಯವಾಗಿ ಬಿಚ್ಚಿದರು. ದೀಪಗಳು ಒಂದೊಂದಾಗಿ ನಂದಿದವು.

ಮರುದಿನ ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿದ ಮೆಲಿಸ್ಸಾ ಮನೆಗೆ ಹೋಗದೆ ಠಾಣೆಗೆ ಬಂದಳು. ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಜ್ಯೋತ್ಸ್ನಾ ಕೇಳಿದಳು. ಇನ್ನೂ ಯೋಚಿಸಿಲ್ಲ ಎಂದಳು ಮೆಲಿಸ್ಸಾ. ಲಾಕಪ್ಪಿನ ಕಡೆ ಹೋಗುವ ಓಣಿಯನ್ನು ನೋಡುತ್ತ ನಿಂತಳು.

"ಅವರು ಎದ್ದಿದ್ದಾರಾ? ಒಮ್ಮೆ ನೋಡಿ ಬನ್ನಿ," ಎಂದಳು.