ಎಲ್ಲರೂ ಅಂಬೇವಾಡಿಯವರೇ!

“ಬಾಯಾರ, ಅಂಬೇವಾಡ್ಯಾಗ ನಮ್ಮ ಮನಿ ಯಾವ ಓಣ್ಯಾಗ ಐತಿ, ತೋರಸ್ತೀರೇನ್ರಿ?”

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತವನನ್ನು ಮಾಗ್ದಲೀನಾ ತಲೆಯೆತ್ತಿ ನೋಡಿದಳು. ಗುಂಗುರು ಕೂದಲ ತುಂಬಾ ಕೆಂಪು ಧೂಳು, ಕಣ್ಣಲ್ಲಿ ತುಂಟ ನಗು. ಬೆನ್ನ ಹಿಂದೆ ಇನ್ನೂ ಹತ್ತಾರು ಮಂದಿ...

ಅವನು ಕಾಶೀಮ, ಅವಳಂತೆಯೇ ಸಿದ್ದಿ ಜನದವನು, ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಹಾಕುವ ಗುಮಾಸ್ತ. ದಿನಾ ಹಳಿಯಾಳದಿಂದ ಕಾರ್ಖಾನೆಯ ಬಸ್ಸಿಗೆ ಬರುವವನು. ಇವತ್ತು ಬಸ್ಸೇ ಹೋಗಿರಲಿಲ್ಲ. ಎಲ್ಲರೂ ಕಟ್ಟಿಗೆ ಲಾರಿ ಹತ್ತಿ ಬಂದಿದ್ದರು.

ಯಾಕೆಂದರೆ ಕಂಪ್ಯೂಟರಿನ ಪ್ರಕಾರ ಹಳಿಯಾಳದಲ್ಲಿ ಈಗ ಒಬ್ಬ ಕೆಲಸಗಾರನೂ ಇರಲಿಲ್ಲ!

ಅದು 1987. ದಾಂಡೇಲಿಯ ಆ ಪೆಟ್ಟಿಗೆ ಕಾರ್ಖಾನೆಗೆ ಕಂಪ್ಯೂಟರ್ ಹೊಸತು. ಕೆಲಸಗಾರರ ಹೆಸರು, ಊರು, ರಜೆ ಎಲ್ಲವೂ ಅದರ ಹೊಟ್ಟೆಯೊಳಗೆ. ಬಸ್ಸು ಯಾವ ಊರಿಗೆ ಹೋಗಬೇಕೆಂಬ ಪಟ್ಟಿಯೂ ಅದರಿಂದಲೇ. ಪಕ್ಕದ ಅಂಬೇವಾಡಿಗೆ ಮನೆ ಬದಲಿಸಿದ ನಾಲ್ವರ ಊರು ತಿದ್ದಲು ಹಿಂದಿನ ಸಂಜೆ ಕುಳಿತ ಮಾಗ್ದಲೀನಾ, ‘ಊರು ಬದಲಿಸು’ ಎಂದು ಬರೆದಳೇ ಹೊರತು ‘ಈ ನಾಲ್ವರದು ಮಾತ್ರ’ ಎಂದು ಬರೆಯಲು ಮರೆತಳು. ಗುಂಡಿ ಒತ್ತಿದ್ದಷ್ಟೇ, ಇಡೀ ಕಾರ್ಖಾನೆ ಅಂಬೇವಾಡಿಗೆ ಹೋಗಿ ಕೂತಿತು.

“ಎಮ್ಮಿಗೆ ಜ್ವರ ಬಂದ್ರ ಎತ್ತಿಗೆ ಬರಿ ಹಾಕಿದಂಗಾತಲ್ರಿ,” ಎಂದ ಕಾಶೀಮ. ಹಿಂದಿದ್ದವರು ಗೊಳ್ಳೆಂದು ನಕ್ಕರು.

ಮಾಗ್ದಲೀನಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಶೆಡ್ಡಿನಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ ಸಿದ್ದಿ ಹುಡುಗಿ, ಪರೀಕ್ಷೆ ಬರೆದು ಈ ಕುರ್ಚಿಗೆ ಬಂದಿದ್ದಳು. ‘ದೇವರೇ, ಈಗ ಮತ್ತೆ ಶೆಡ್ಡಿಗೇ ಏನು?’

ಅಷ್ಟರಲ್ಲಿ ಕಾಶೀಮ ಮ್ಯಾನೇಜರ್ ಕರಿಬಸಪ್ಪ ಸಾಹೇಬರ ಕೋಣೆಗೆ ಹೋಗುವುದು ಕಂಡಿತು...

ಎಲ್ಲರ ಊರನ್ನೂ ಹಳೆಯ ಕಾಗದ ನೋಡಿ ಮತ್ತೆ ತುಂಬಿಸುವಷ್ಟರಲ್ಲಿ ಅವಳು ಹೈರಾಣಾದಳು. ಮೇಲೊಂದು ಹೊಸ ನಿಯಮವೂ ಬಂತು. ಏನೇ ಬದಲಿಸುವುದಿದ್ದರೂ, ಅದು ಎಷ್ಟು ಮಂದಿಗೆ ತಾಗುತ್ತದೆ ಎಂದು ಯಂತ್ರವನ್ನು ಮೊದಲು ಕೇಳಬೇಕು. ಆ ಲೆಕ್ಕವನ್ನು ಇನ್ನೊಬ್ಬರು ನೋಡಿ ಹೂಂ ಅಂದ ಮೇಲೆಯೇ ಗುಂಡಿ ಒತ್ತಬೇಕು.

ಆ ಇನ್ನೊಬ್ಬ ಯಾರು? ಕಾಶೀಮ!

‘ಚಾಡಿ ಹೇಳಿದ್ದಲ್ಲದೆ ಕಾವಲಿಗೂ ಬಂದನಲ್ಲ!’

ಅವನು ಪಕ್ಕದ ಸ್ಟೂಲಿನಲ್ಲಿ ಕೂತರೆ ಇವಳು ಕುರ್ಚಿಯನ್ನು ಅತ್ತ ಸರಿಸುತ್ತಿದ್ದಳು. ಚಹಾ ತಂದಿಟ್ಟರೆ ಆರುವವರೆಗೂ ಮುಟ್ಟುತ್ತಿರಲಿಲ್ಲ. ಆದರೂ ಅವನು ಬರುವುದು ತಡವಾದ ದಿನ ಕಣ್ಣು ಬಾಗಿಲಿಗೇ ಹೋಗುತ್ತಿತ್ತು, ನೋಡಿ!

ಒಮ್ಮೆ ಇಂದೂರ, ಸನವಳ್ಳಿ ಹಳ್ಳಿಗಳ ಕಡೆಯವರ ವಾರದ ರಜೆ ಬದಲಿಸಬೇಕಿತ್ತು. ಸಾಹೇಬರು ಹಿಂದೆ ನಿಂತು ಅವಸರ ಮಾಡುತ್ತಿದ್ದರು. ಗಡಿಬಿಡಿಯಲ್ಲಿ ಅವಳು ಲೆಕ್ಕ ಕೇಳಿದಳು, ಆದರೆ ನೋಡಲಿಲ್ಲ. ಪರದೆಯ ಮೇಲೆ ಬಂದದ್ದು ಇಡೀ ಕಾರ್ಖಾನೆಯ ಲೆಕ್ಕ.

ಅವಳ ಬೆರಳು ಇಳಿಯಿತು... ಬಿದ್ದದ್ದು ಗುಂಡಿಯ ಮೇಲಲ್ಲ, ಅದನ್ನು ಮುಚ್ಚಿದ್ದ ಕಾಶೀಮನ ಕೈಯ ಮೇಲೆ!

ಅವನು ಕಣ್ಣಲ್ಲೇ ಪರದೆ ತೋರಿಸಿದ. ಅವಳೂ ಬೆರಳನ್ನು ತಕ್ಷಣ ತೆಗೆಯಲಿಲ್ಲ. ಸಾಹೇಬರಿಗೆ ಇದೇನೂ ತಿಳಿಯಲಿಲ್ಲ, ಪಾಪ. ಆ ದಿನದಿಂದ ಚಹಾ ಬಿಸಿಯಾಗಿಯೇ ಮುಗಿಯತೊಡಗಿತು.

ಆಮೇಲೆ ತಿಂಗಳುಗಟ್ಟಲೆ ಒಂದು ತಪ್ಪೂ ಆಗಲಿಲ್ಲ. ಒಂದು ಮಧ್ಯಾಹ್ನ ಸಾಹೇಬರು ಇಬ್ಬರನ್ನೂ ಕರೆದು, ಮಾಗ್ದಲೀನಾಗೆ ಇನ್ನು ಕಾವಲು ಬೇಡ, ಕಾಶೀಮ ಪೂರ್ತಿ ಗೇಟಿಗೇ ಹೋಗಲಿ ಎಂದರು. ಮಾತಿನ ಭರದಲ್ಲಿ ಹಳೆಯದನ್ನೂ ಹೇಳಿಬಿಟ್ಟರು.

“ಅವತ್ತ ನಿನ್ನ ಶೆಡ್ಡಿಗೆ ಕಳಸಾಂವ ಇದ್ದೆ ನಾ. ಒಬ್ಬಾಕಿ ಕೈಯಾಗ ಎಲ್ಲಾ ಬಿಟ್ಟದ್ದು ನಮ್ಮ ತಪ್ಪು, ನಾ ಜೋಡಿ ಕೂಡ್ತೇನಿ ಅಂತ ಇಂವ ಬೆನ್ನ ಹತ್ತಿದ. ತನ್ನ ಕೆಲಸ ಮುಗಿಸಿ ಬಂದು ಕೂತಾನ ನೋಡು ಇಷ್ಟ ದಿನ.”

ಮಾಗ್ದಲೀನಾಗೆ ತಾನು ಆರಲು ಬಿಟ್ಟ ಚಹಾಗಳೆಲ್ಲ ನೆನಪಾದವು. ಒಬ್ಬಳೇ ಕೂರುವ ದಿನಕ್ಕಾಗಿ ಎಷ್ಟು ಹಂಬಲಿಸಿದ್ದಳು... ಈಗ ಅದು ಬಂದರೆ ಎದೆಯೆಲ್ಲ ಖಾಲಿ ಖಾಲಿ! ಹೂಂ ಅಂದರೆ ಗೆದ್ದವಳು ತಾನೇ. ಆದರೆ ಅವನು ಹೋಗುತ್ತಾನೆ.

“ಬ್ಯಾಡ್ರಿ ಸಾಹೇಬ್ರ,” ಎಂದಳು. “ನಾ ಎಷ್ಟ ಶ್ಯಾಣ್ಯಾಕಿ ಆದ್ರೂ ಒಬ್ಬಾಕಿ ಕೈಯಾಗ ಬಿಡಬ್ಯಾಡ್ರಿ. ಇವ್ರು ಇಲ್ಲೇ ಇರ್ಲಿ.”

ಸಾಹೇಬರು ಇಬ್ಬರನ್ನೂ ಒಂದೊಂದು ಸಲ ನೋಡಿ, ಮೀಸೆಯಲ್ಲೇ ನಕ್ಕು ಒಪ್ಪಿದರು.

ಹೊರಗೆ ಬಂದ ಮೇಲೆ ಕಾಶೀಮ ಅವಳ ಎದುರು ನಿಂತು ಕೇಳಿದ.

“ಮಷೀನ್ ಸಲುವಾಗಿ ಹೇಳಿದ್ರೋ, ಇಲ್ಲಾ...”

“ಸಾಹೇಬ್ರಿಗೆ ಹೇಳಿದ್ದು ಮಷೀನ್ ಸಲುವಾಗಿ. ನನ್ನ ಸಲುವಾಗಿ ಕೇಳೂದಿದ್ರ ಐತವಾರ ನಮ್ಮ ಅವ್ವನ ಕಡೆ ಬರ್ರಿ.”

“ನೀವು ಇಗರ್ಜಿಯವರು, ನಾವು ಮಸೀದಿಯವರು. ಅವ್ವ ಏನಂತಾರೋ...”

“ಹಿರಿಯರ ಪೂಜಿಗೆ ಸಿದ್ದಿ ಮಂದಿ ಎಲ್ಲಾರೂ ಒಂದ ಅಂಗಳದಾಗ ಕೂಡೂದಿಲ್ಲೇನ್ರಿ? ಏನೂ ಅನ್ನೂದಿಲ್ಲ.”

ಅವನ ಮುಖ ಅರಳಿತು. “ಹಂಗಾರ ಬರ್ತೇನಿ. ಮುಂಜಾನೇನ ಬರ್ತೇನಿ.”

“ಒಬ್ರ ಬರಬ್ಯಾಡ್ರಿ,” ಎಂದಳು ಮಾಗ್ದಲೀನಾ, ನಾಚಿಕೆಯಿಂದ ಕೆಳಗೆ ನೋಡುತ್ತಾ. “ನಿಮ್ಮ ಅಮ್ಮೀನ್ನೂ ಕರಕೊಂಡ ಬರ್ರಿ.”