ಎರಡು ಮನೆಯ ಹನಾ

೨೦೦೬ರ ಆಗಸ್ಟ್ ೮, ಮಂಗಳವಾರ ಬೆಳಿಗ್ಗೆ ತೋಡಾರಿನ ಹಾಜಬ್ಬ ಮೂಡುಬಿದಿರೆ ಠಾಣೆಗೆ ದೂರು ತಂದರು. ಜೊತೆಗೆ ಹೆಂಡತಿ ಮೈಮೂನಮ್ಮ ಇದ್ದರು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಹನಾ, ಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ಹೆತ್ತ ಮರುದಿನ ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟ ಕೂಡಲೇ ಸತ್ತಿದ್ದಳು. ಮಗು ಬದುಕಿತ್ತು.

"ಆ ಇಂಜೆಕ್ಷನ್ ಅವಳಿಗೆ ಆಗುವುದಿಲ್ಲ ಸರ್. ಸಿದ್ಧಕಟ್ಟೆಯ ಕ್ಲಿನಿಕ್‌ನಲ್ಲಿ ಅದನ್ನು ಕೊಟ್ಟು ಒಮ್ಮೆ ಬೋಧ ತಪ್ಪಿತ್ತು. ಈಗ ಆಸ್ಪತ್ರೆಯವರು, ತಾಯಿ ಹೇಳಲೇ ಇಲ್ಲ ಅಂತಾರೆ. ಸಂಬಂಧಿಕರೂ ಅದನ್ನೇ ನಂಬಿದ್ದಾರೆ."

ಇನ್‌ಸ್ಪೆಕ್ಟರ್ ಶಂಭು ಮೈಮೂನಮ್ಮನತ್ತ ತಿರುಗಿದ. "ನೀವು ಹೇಳಿದ್ದು ಉಂಟಾ ಅಮ್ಮ?"

"ಒಂದು ಇಂಜೆಕ್ಷನ್ ಆಗುವುದಿಲ್ಲ ಅಂದೆ. ಹೆಸರು ಗೊತ್ತಿರಲಿಲ್ಲ. ಡಾಕ್ಟರು ಕಂಪ್ಯೂಟರ್ ನೋಡಿ, ಏನೂ ಇಲ್ಲ ಅಂದರು. ಮತ್ತೆ ನಾನು ಎಂತ ಹೇಳುವುದು?"

ನಿರ್ಲಕ್ಷ್ಯದಿಂದಾದ ಸಾವೆಂದು ಐಪಿಸಿ ೩೦೪-ಎ ಅಡಿ ಎಫ್ಐಆರ್ ದಾಖಲಾಯಿತು.

ಸಿದ್ಧಕಟ್ಟೆಯ ಕ್ಲಿನಿಕ್ ಅದೇ ಆಸ್ಪತ್ರೆಯ ಶಾಖೆ. ಅಲ್ಲಿನ ರೋಗಿಗಳ ವಿವರ ಕಂಪ್ಯೂಟರ್ ಮೂಲಕ ಮೂಡುಬಿದಿರೆಗೆ ಹೋಗಬೇಕು. ಶಂಭು ಅಲ್ಲಿಗೆ ಹೋಗಿ ವಿಚಾರಿಸಿದಾಗ ಗುಮಾಸ್ತೆ ಪ್ರೇಮಾವತಿ ತಡವರಿಸಲಿಲ್ಲ.

"ಹನಾಳಿಗೆ ಆ ಇಂಜೆಕ್ಷನ್ ಆಗುವುದಿಲ್ಲ ಅಂತ ಮೂರು ಸಲ ಕಳಿಸಿದ್ದೇನೆ ಸರ್. ಮೂರು ಸಲವೂ ವಾಪಸ್."

"ಯಾಕೆ?"

"ನಮ್ಮಲ್ಲಿ ಇರುವುದು ಗಂಡನ ಮನೆ ವಿಳಾಸ. ಹೆರಿಗೆಗೆ ಮೂಡುಬಿದಿರೆಯಲ್ಲಿ ತವರಿನ ವಿಳಾಸ ಕೊಟ್ಟು ಹೆಸರು ಬರೆಸಿದ್ದಾರೆ. ಕಂಪ್ಯೂಟರ್‌ಗೆ ಒಬ್ಬಳಿಗೆ ಒಂದೇ ಮನೆ. ಎರಡು ಕಂಡರೆ ತಪ್ಪು ಅಂತದೆ. ಅದನ್ನು ನೋಡಿ ಸರಿ ಮಾಡಬೇಕಾದ್ದು ಅಲ್ಲಿಯವರು."

ಚೊಚ್ಚಲ ಹೆರಿಗೆಗೆ ತವರಿಗೆ ಹೋಗದ ಹೆಣ್ಣು ಈ ತಾಲೂಕುಗಳಲ್ಲಿ ಸಿಗುವುದು ಕಷ್ಟ. ಕಂಪ್ಯೂಟರಿಗೆ ಲೆಕ್ಕಾಚಾರ ಕಲಿಸಿದ ಪುಣ್ಯಾತ್ಮನಿಗೆ ಅದು ಗೊತ್ತಿರಲಿಲ್ಲ, ಕೇಳಲು ಪುರುಸೊತ್ತೂ ಇರಲಿಲ್ಲ. ಪ್ರೇಮಾವತಿ ಕಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ಮಧ್ಯಾಹ್ನ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಪಂಚರ ಎದುರು ಕಂಪ್ಯೂಟರ್ ಕೋಣೆಯ ಪಂಚನಾಮೆ ನಡೆಯಿತು. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಕಾವೇರಮ್ಮ ಬರೆದುಕೊಂಡರು. ಹನಾಳ ಹೆಸರಿನಲ್ಲಿ ಕಂಪ್ಯೂಟರ್ ತೋರಿಸಿದ ಮೂರು ತಪ್ಪುಗಳ ಎದುರೂ 'ಸರಿಪಡಿಸಲಾಗಿದೆ' ಎಂದಿತ್ತು. ಯಾವುದೂ ಸರಿಯಾಗಿರಲಿಲ್ಲ. ವರ್ಷದ ಉಳಿದ ತಪ್ಪುಗಳ ಕತೆಯೂ ಅದೇ.

ಮ್ಯಾನೇಜರ್ ಫಯಾಝ್ ಗೋಡೆಯ ಬೋರ್ಡ್ ತೋರಿಸಿದ. "ನೋಡಿ ಸರ್, ಸರಿ ಮಾಡಲು ಬಾಕಿ ಸೊನ್ನೆ. ದಿನಾ ಸಂಜೆ ಬರೀತೇವೆ."

"ಬಾಕಿ ಉಳಿದರೆ?"

"ಬೆಳಿಗ್ಗೆ ಮೀಟಿಂಗ್‌ನಲ್ಲಿ ಎಲ್ಲರೆದುರು ಕೇಳ್ತೇವೆ."

"ತಪ್ಪು ಸರಿ ಮಾಡುವ ಪಾಸ್‌ವರ್ಡ್ ಯಾರ ಹತ್ತಿರ?"

"ನಮ್ಮ ಆಪರೇಟರ್ ಸುರಕ್ಷಾ ಒಬ್ಬಳ ಹತ್ತಿರವೇ. ಮೊನ್ನೆಯಿಂದ ರಜೆಯಲ್ಲಿದ್ದಾಳೆ. ಬೆಳ್ತಂಗಡಿಯಲ್ಲಿ, ತಾಯಿ ಮನೆ."

ಮರುದಿನ ಬೆಳಿಗ್ಗೆ ಶಂಭು, ಕಾವೇರಮ್ಮ ಇದ್ದ ಜೀಪು ಬೆಳ್ತಂಗಡಿ ತಲುಪಿತು. ಸುರಕ್ಷಾ ಸೊಂಟ ಹಿಡಿದುಕೊಂಡು ಜಗಲಿಗೆ ಬಂದಳು. ತುಂಬಿದ ಬಸುರಿ.

"ಹನಾಳದ್ದು 'ಸರಿಪಡಿಸಲಾಗಿದೆ' ಅಂತ ಒತ್ತಿದ್ದು ನೀವೇಯಾ?"

"ಇರಬಹುದು ಸರ್. ನೆನಪಿಲ್ಲ."

"ಓದಲಿಲ್ಲವಾ?"

"ಮೊದಮೊದಲು ಓದ್ತಿದ್ದೆ. ಫೋನ್ ಮಾಡಿ, ಯಾವ ಮನೆ ಅಂತ ಕೇಳ್ತಿದ್ದೆ. ಹಾಗಾಗಿ ಬಾಕಿ ಉಳಿಯಿತು. ಮೀಟಿಂಗ್‌ನಲ್ಲಿ ನಿಲ್ಲಿಸಿ ಬೈದರು. ಮತ್ತೆ ಓದುವುದು ಬಿಟ್ಟೆ. ಸರಿಯಾಗಿದೆ ಅಂತ ಒತ್ತಿಬಿಡ್ತಿದ್ದೆ. ಆಮೇಲೆ ಯಾರೂ ಏನೂ ಹೇಳಲಿಲ್ಲ."

ಅವಳ ದನಿಯಲ್ಲಿ ಹೆದರಿಕೆಯೂ ಇರಲಿಲ್ಲ. ಶಂಭುವಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಅಲ್ಲಿಂದಲೇ ತೋಡಾರಿಗೆ ಫೋನ್ ಮಾಡಿದ.

"ಮೈಮೂನಮ್ಮ, ನೀವು ಹೇಳಿದ್ದು ಸರಿ. ಕ್ಲಿನಿಕ್‌ನವರೂ ಕಳಿಸಿದ್ದಾರೆ. ನೋಡಬೇಕಾದವರು ನೋಡಲಿಲ್ಲ. ನಿಮ್ಮ ತಪ್ಪು ಇಲ್ಲ."

ಅತ್ತಲಿಂದ ಮಗು ಅಳುವುದು ಕೇಳಿಸಿತು.

ಫಯಾಝ್‌ಗೂ ನೋಟಿಸ್ ಹೋಯಿತು. ಸುರಕ್ಷಾಳನ್ನು ದಸ್ತಗಿರಿ ಮಾಡಿದರು. ಠಾಣೆಯಲ್ಲೇ ಜಾಮೀನು ಸಿಗುತ್ತದೆಂದು ತಾಯಿಗೆ ತಿಳಿಸಿದ ಮೇಲೆ ಕಾವೇರಮ್ಮ ದಸ್ತಗಿರಿ ಮೆಮೊ ಬಿಡಿಸಿದರು. ವಿಳಾಸಕ್ಕೆ ಒಂದೇ ಸಾಲಿನ ಜಾಗವಿತ್ತು.

"ಯಾವುದು ಬರೆಯುವುದು? ಗಂಡನ ಮನೆಯದ್ದಾ, ತಾಯಿ ಮನೆಯದ್ದಾ?"

ಸುರಕ್ಷಾ ಆ ಒಂದೇ ಸಾಲಿನ ಜಾಗ ನೋಡಿದಳು. ಕೈ ಹೊಟ್ಟೆಯ ಮೇಲೆ ಹೋಯಿತು. ಆಗ ಅತ್ತಳು.

"ಎರಡೂ ಬರೀರಿ ಮೇಡಂ," ಎಂದಳು.

ಕಾವೇರಮ್ಮ ಅಕ್ಷರ ಸಣ್ಣದು ಮಾಡಿ ಎರಡನ್ನೂ ಬರೆದರು.